ಆಕಾಶದಲ್ಲೂ ಹಾಜರಿ



ನಾನೀಗ ವಿಮಾನಗಳ ಸಂದೇಶ ವ್ಯವಸ್ಥೆಗೆ ಸಾಫ್ಟ್‌ವೇರ್ ಬರೆಯುತ್ತೇನೆ. ಊರಿಗೆ ಬಂದಾಗ ಹಿರಿಯರು ಕೇಳುತ್ತಾರೆ: "ಸಣ್ಣ ಮೊಬೈಲ್ ಎಲ್ಲಿದೆ ಅಂತ ಗೊತ್ತಾಗುತ್ತೆ, ಅಷ್ಟು ದೊಡ್ಡ ವಿಮಾನ ಕಳೆದುಹೋಗೋದು ಹೇಗಪ್ಪಾ?" ಇದಕ್ಕೆ ಉತ್ತರ ನಾವೆಲ್ಲ ಇಲ್ಲಿ ದಿನವೂ ಕೂಗಿದ ಹಾಜರಿಯಲ್ಲಿದೆ.

ತೀರದಿಂದ ಸುಮಾರು 400 ಕಿ.ಮೀ. ದಾಟಿದರೆ ವಿಮಾನ ರೇಡಾರ್‌ಗೆ ಕಾಣುವುದಿಲ್ಲ, ಭೂಮಿ ದುಂಡಗಿದೆಯಲ್ಲ. ಅಲ್ಲಿ ವಿಮಾನವೇ ತಾನೆಲ್ಲಿದ್ದೇನೆಂದು ಹೇಳಬೇಕು. ಹಿಂದೆ ಪೈಲಟ್ ಇದನ್ನು ರೇಡಿಯೊದಲ್ಲಿ ಹೇಳುತ್ತಿದ್ದರು. ಈಗ 'ಎಡಿಎಸ್-ಸಿ' ಎಂಬ ವ್ಯವಸ್ಥೆಯಿದೆ. ನೆಲದ ನಿಯಂತ್ರಣ ಕೇಂದ್ರದ ಕಂಪ್ಯೂಟರ್ ವಿಮಾನದ ಕಂಪ್ಯೂಟರಿನೊಡನೆ ಕರಾರು ಮಾಡಿಕೊಳ್ಳುತ್ತದೆ: ಇಷ್ಟು ನಿಮಿಷಕ್ಕೊಮ್ಮೆ ವರದಿ ಕಳಿಸು, ದಾರಿಯೋ ಎತ್ತರವೋ ತಪ್ಪಿದರೆ ತಕ್ಷಣ ಕಳಿಸು. ಅಕ್ಷಾಂಶ, ರೇಖಾಂಶ, ಎತ್ತರ, ಸಮಯ ಎಲ್ಲವೂ ಉಪಗ್ರಹದ ಮೂಲಕ ತಾವಾಗಿ ಬರುತ್ತವೆ. ಅರಬ್ಬಿ ಸಮುದ್ರದ ಮೇಲಿನ ವಿಮಾನಗಳನ್ನು ಮುಂಬೈ ಕೇಂದ್ರ ಹೀಗೂ ಗಮನಿಸುತ್ತದೆ.

ಆದರೆ ವರದಿ ಬಂದರಷ್ಟೇ ಸಾಲದು. 2009ರ ಮೇ 31ರಂದು ರಿಯೊದಿಂದ ಪ್ಯಾರಿಸ್‌ಗೆ ಹೊರಟ ಏರ್ ಫ್ರಾನ್ಸ್ 447 ವಿಮಾನದಲ್ಲಿ 228 ಜನರಿದ್ದರು. ಅದು ಸುಮಾರು 10 ನಿಮಿಷಕ್ಕೊಮ್ಮೆ ತನ್ನ ಕಂಪನಿಗೆ ಸ್ಥಾನ ಕಳಿಸುತ್ತಿತ್ತು. ಕೊನೆಯ ಸ್ಥಾನ ಬಂದ ಐದು ನಿಮಿಷದೊಳಗೆ ಅಟ್ಲಾಂಟಿಕ್‌ಗೆ ಬಿತ್ತು. ಮುಂದಿನ ವರದಿ ಬರಲಿಲ್ಲ. ಆದರೂ ನಿಯಂತ್ರಣ ಕೇಂದ್ರಗಳಿಂದ ಮೊದಲ ತುರ್ತು ಸಂದೇಶ ಹೊರಟದ್ದು ಸುಮಾರು ಆರು ಗಂಟೆಯ ನಂತರ. 74 ಕಿ.ಮೀ. ತ್ರಿಜ್ಯದ ವೃತ್ತ ಹಾಕಿ ಹುಡುಕಿದರು. ಅವಶೇಷ ಸಿಕ್ಕಿದ್ದು 2011ರ ಏಪ್ರಿಲ್‌ನಲ್ಲಿ, ಸುಮಾರು 3,900 ಮೀಟರ್ ಆಳದಲ್ಲಿ, ಕೊನೆಯ ಸ್ಥಾನದಿಂದ ಬರೀ 12 ಕಿ.ಮೀ. ದೂರದಲ್ಲಿ.

2014ರಲ್ಲಿ 239 ಜನರಿದ್ದ ಮಲೇಷ್ಯಾದ ವಿಮಾನ ಕಣ್ಮರೆಯಾಯಿತು. ಆಮೇಲೆ ನಿಯಮ ಬಿಗಿಯಾಯಿತು. 2018ರ ನವೆಂಬರ್‌ನಿಂದ, ಸಾಗರದ ಮೇಲೆ ಹಾರುವ ದೊಡ್ಡ ವಿಮಾನಗಳ ಸ್ಥಾನ ಕನಿಷ್ಠ 15 ನಿಮಿಷಕ್ಕೊಮ್ಮೆ ಕಂಪನಿಗೆ ತಿಳಿಯಲೇಬೇಕು.

ಒಂಬತ್ತನೇ ತರಗತಿಯಲ್ಲಿ ಸುಗ್ಗಿ ಕೆಲಸಕ್ಕೆಂದು ನಾನು ಶಾಲೆ ತಪ್ಪಿಸಿದ್ದೆ. ಮೂರನೆಯ ದಿನ ಸಂಜೆ ನಮ್ಮ ಗಣಿತದ ಮೇಷ್ಟ್ರು ಸೈಕಲ್ ತುಳಿದುಕೊಂಡು ಕಣಕ್ಕೇ ಬಂದರು. ಅಪ್ಪನಿಗೆ ಹೇಳಿದ್ದು ಒಂದೇ ಮಾತು: "ನಾಳೆ ಹುಡುಗನ್ನ ಕಳಿಸಿ." ಅವರು ಬರದಿದ್ದರೆ ಇವತ್ತು ನಾನು ಈ ವೇದಿಕೆಯ ಮೇಲೆ ಇರುತ್ತಿರಲಿಲ್ಲ.

ಯಾರು ಬಂದಿದ್ದಾರೆಂದು ಬರೆದುಕೊಳ್ಳುವ ಕೆಲಸವನ್ನು ಯಂತ್ರ ಮಾಡೀತು. ಬಾರದವರನ್ನು ಕೂಡಲೇ ಹುಡುಕಿ ಹೊರಡುವವರು ಬೇಕು. ಐವತ್ತು ವರ್ಷ ಆ ಕೆಲಸ ಮಾಡಿದ ನನ್ನ ಶಾಲೆಗೆ ನಮಸ್ಕಾರ.