ಅರಿವಿಗೆ ಗುಟ್ಟಿನ ಬೀಗ ಬೇಡ

(ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ವಚನ ಅಧ್ಯಯನ ಬಳಗದವರು ಸೇರಿದ್ದ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

 

ನನಗೆ ಕೊಟ್ಟಿರುವ ವಿಷಯ ಥಿಯಾಸಫಿ ಮತ್ತು ಗುಂಪಿನಲ್ಲಿ ಕುಳಿತು ಮಾಡುವ ಆಧ್ಯಾತ್ಮಿಕ ಅಧ್ಯಯನ. ಲಿಂಗಾಯತರ ಗೋಷ್ಠಿಯಲ್ಲಿ ಥಿಯಾಸಫಿಗೆ ಏನು ಕೆಲಸ ಎಂದು ಕೆಲವರಿಗೆ ಅನ್ನಿಸಬಹುದು. ಕೆಲಸವಿದೆ. ನಮ್ಮ ಮಕ್ಕಳು ಇಂದು ಶನಿವಾರ, ಭಾನುವಾರ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ, ಸಾವಿರಾರು ರೂಪಾಯಿ ಕಟ್ಟಿ, ಚಕ್ರ, ಶಕ್ತಿ, ರಹಸ್ಯವಿದ್ಯೆ ಎಂದು ಕಲಿತು ಬರುತ್ತಿದ್ದಾರೆ. ಮನೆಯ ಜಗಲಿಯಲ್ಲೇ ವಚನದ ಪುಸ್ತಕವಿದ್ದರೂ ಅವರು ಹೋಗುತ್ತಿರುವುದೇಕೆ? ಆ ಪ್ರಶ್ನೆಯನ್ನು ಅವರಿಗೆ ಕೇಳುವ ಮೊದಲು ನಮಗೆ ನಾವೇ ಕೇಳಿಕೊಳ್ಳಬೇಕು. ನಾನೂ ಒಂದು ಕಾಲಕ್ಕೆ ಹಾಗೆ ಹೋದವನೇ.

ಚನ್ನಪಟ್ಟಣದಲ್ಲಿ ಮೇಷ್ಟರಾಗಿದ್ದಾಗ ಪ್ರತಿ ಭಾನುವಾರ ರೈಲು ಹತ್ತಿ ಬೆಂಗಳೂರಿನ ಒಂದು ಥಿಯಾಸಫಿ ಅಧ್ಯಯನ ಕೂಟಕ್ಕೆ ಹೋಗುತ್ತಿದ್ದೆ. ಹತ್ತು ಹನ್ನೆರಡು ಜನ ಸುತ್ತ ಕೂರುತ್ತಿದ್ದೆವು. ಒಬ್ಬರು ಒಂದು ಪ್ಯಾರಾ ಓದುವುದು, ಎಲ್ಲರೂ ಅದರ ಮೇಲೆ ಮಾತನಾಡುವುದು, ಅರ್ಥವಾಗದಿದ್ದರೆ ಮುಂದಿನ ವಾರ ಅದೇ ಪ್ಯಾರಾ. ಒಂದು ಪುಟಕ್ಕೆ ಒಂದು ತಿಂಗಳು ಹಿಡಿದದ್ದೂ ಉಂಟು. ಆ ಶಿಸ್ತಿಗೆ ನಾನು ಇಂದಿಗೂ ಋಣಿ.

ಈ ಸಂಘದ ಕಥೆಯನ್ನು ಸ್ವಲ್ಪ ಹೇಳುತ್ತೇನೆ. ಅಂದಿನ ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿದ ಮೇಡಂ ಬ್ಲಾವಟ್‌ಸ್ಕಿ, ಅಮೆರಿಕದ ಕರ್ನಲ್ ಆಲ್ಕಾಟ್ ಮತ್ತು ಅವರ ಗೆಳೆಯರು 1875ರಲ್ಲಿ ನ್ಯೂಯಾರ್ಕಿನಲ್ಲಿ ಥಿಯಾಸಫಿಕಲ್ ಸೊಸೈಟಿಯನ್ನು ಕಟ್ಟಿದರು. ನಮ್ಮಲ್ಲಿ ಅದನ್ನು ಬ್ರಹ್ಮವಿದ್ಯಾ ಸಮಾಜ ಎಂದೂ ಕರೆಯುತ್ತಾರೆ. 1882ರಲ್ಲಿ ಅವರು ಮದರಾಸಿನ ಅಡ್ಯಾರಿನಲ್ಲಿ ನೆಲೆ ನಿಂತರು. ಸಂಘದ ಗುರಿಗಳು ಮೂರು: ಜಾತಿ, ಮತ, ವರ್ಣ, ಹೆಣ್ಣು, ಗಂಡು ಎನ್ನದ ಸೋದರಭಾವ, ಎಲ್ಲ ಧರ್ಮಗಳ ತೌಲನಿಕ ಅಧ್ಯಯನ, ಮನುಷ್ಯನಲ್ಲಿ ಅಡಗಿರುವ ಶಕ್ತಿಗಳ ಶೋಧನೆ. ಮೊದಲನೆಯ ಗುರಿ ಕೇಳಿದರೆ ನಮ್ಮವರಿಗೆ ಕಲ್ಯಾಣ ನೆನಪಾಗದೆ ಇರದು.

ಅವರಿಂದ ಆದ ಉಪಕಾರ ಸಣ್ಣದಲ್ಲ. ಇಂಗ್ಲಿಷ್ ಓದಿ ತಮ್ಮ ಧರ್ಮದ ಬಗ್ಗೆ ನಾಚುತ್ತಿದ್ದವರನ್ನು ಅವರು ಮನೆಯ ಕಡೆಗೆ ತಿರುಗಿಸಿದರು. ಲಂಡನ್ನಿನಲ್ಲಿ ಓದುತ್ತಿದ್ದ ಗಾಂಧೀಜಿಯವರಿಗೆ ಭಗವದ್ಗೀತೆ ಓದುವ ಹುಚ್ಚು ಹಿಡಿಸಿದವರು ಇಬ್ಬರು ಥಿಯಾಸಫಿಸ್ಟರೇ. ನಮ್ಮ ಬಸವನಗುಡಿಯಲ್ಲಿ 1945ರಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಸ್ಥಾಪಿಸಿದ ಬಿ.ಪಿ. ವಾಡಿಯಾ ಅವರೂ ಥಿಯಾಸಫಿಸ್ಟರೇ. 1918ರಲ್ಲಿ ಮದರಾಸಿನ ಗಿರಣಿ ಕಾರ್ಮಿಕರ ಸಂಘ ಕಟ್ಟಿದವರೂ ಅವರೇ. ಧ್ಯಾನಕ್ಕೂ ದುಡಿಮೆಗೂ ನಂಟು ಕಂಡವರು.

ಆದರೆ ಅದೇ ಸಂಘದೊಳಗೆ ಇನ್ನೊಂದು ಬಾಗಿಲಿತ್ತು. 1888ರಲ್ಲಿ ಬ್ಲಾವಟ್‌ಸ್ಕಿಯವರು ಆಯ್ದ ಕೆಲವರಿಗಾಗಿ ಒಂದು ಗುಪ್ತ ವಿಭಾಗ ತೆರೆದರು. ಒಳಗೆ ಹೋಗುವವರು ಪ್ರತಿಜ್ಞೆ ಮಾಡಬೇಕು. ಅಲ್ಲಿ ಕಲಿತದ್ದನ್ನು ಹೊರಗೆ ಹೇಳಬಾರದು. ಹಿಮಾಲಯದಾಚೆಯ ಮಹಾತ್ಮರಿಂದ ಪತ್ರಗಳು ಬರುತ್ತವೆ ಎಂಬ ನಂಬಿಕೆಯೂ ಇತ್ತು. ಪತ್ರ ಯಾರಿಗೆ ಬಂದಿತು, ನಿಜವಾಗಿ ಬಂದಿತೇ ಎಂದು ಪರೀಕ್ಷಿಸಲು ಉಳಿದವರಿಗೆ ದಾರಿಯಿರಲಿಲ್ಲ. ಕೊನೆಗೆ ಆ ಪತ್ರಗಳ ಜಗಳದಲ್ಲೇ 1895ರಲ್ಲಿ ಅಮೆರಿಕದ ಶಾಖೆಯ ಬಹುಪಾಲು ಬೇರೆಯಾಯಿತು. ಸೋದರಭಾವಕ್ಕೆಂದು ಕಟ್ಟಿದ ಮನೆ ಗುಟ್ಟಿನಿಂದ ಒಡೆಯಿತು.

ಮುಂದೆ ಜಿಡ್ಡು ಕೃಷ್ಣಮೂರ್ತಿಯವರನ್ನು ಜಗದ್ಗುರುವಾಗಿ ಬರಲಿರುವವರೆಂದು ಸಾರಿ, 1911ರಲ್ಲಿ ಅವರಿಗಾಗಿಯೇ ಒಂದು ಸಂಘ ಕಟ್ಟಿದರು. 1929ರಲ್ಲಿ ಹಾಲೆಂಡಿನ ಓಮ್ಮೆನ್‌ನಲ್ಲಿ, ಸುಮಾರು 3000 ಅನುಯಾಯಿಗಳ ಎದುರು ನಿಂತು, ಅವರೇ ಆ ಸಂಘವನ್ನು ವಿಸರ್ಜಿಸಿದರು. ಕನಕಪುರ ರಸ್ತೆಯಲ್ಲಿ ಓಡಾಡುವವರು ತಟಗುಣಿಯ ಹತ್ತಿರದ ವ್ಯಾಲಿ ಸ್ಕೂಲನ್ನು ನೋಡಿರುತ್ತೀರಿ. ಅದು ಅವರದೇ ಪ್ರತಿಷ್ಠಾನದ ಶಾಲೆ. ಗದ್ದುಗೆಯಿಂದ ಇಳಿದ ಮೇಲೂ ಅವರು ಜನರೊಂದಿಗೆ ಕೂತು ವಿಚಾರ ಮಾಡುವುದನ್ನು ಬಿಡಲಿಲ್ಲ. ಅವರು ಬಿಟ್ಟದ್ದು ಗುರುಪಟ್ಟ ಮಾತ್ರ.

ಗುಟ್ಟಿನ ರುಚಿ ನನಗೂ ಹತ್ತಿತ್ತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಅದು ಕೂಟದವರ ತಪ್ಪಲ್ಲ, ನನ್ನದೇ. ಮನುಷ್ಯನಿಗೆ ಏಳು ತತ್ತ್ವಗಳು, ಏಳು ದೇಹಗಳು ಎಂದು ಮನೆಯಲ್ಲಿ ದೊಡ್ಡ ದನಿಯಲ್ಲಿ ಹೇಳುತ್ತಿದ್ದೆ. ನನಗೆ ಗೊತ್ತಿರುವುದು ನಿಮಗೆ ಗೊತ್ತಿಲ್ಲ ಎಂಬ ಒಳಸುಖ. ಒಂದು ದಿನ ನನ್ನ ಮನೆಯವರು, "ಏಳು ದೇಹ ಅಂತೀರಲ್ಲ, ರೇಷನ್ ಅಂಗಡಿ ಸಾಲಲ್ಲಿ ನಿಲ್ಲೋಕೆ ಅದರಲ್ಲಿ ಒಂದಾದರೂ ಸಿಗುತ್ತಾ?" ಎಂದರು. ಅಂದಿನ ಕೋಪ ಇಳಿಯಲು ಒಂದು ವಾರ ಬೇಕಾಯಿತು. ಅದರ ಅರ್ಥ ಇಳಿಯಲು ಹಲವು ವರ್ಷ.

ಬಂಧುಗಳೇ, ಈಗ ನಮ್ಮ ಮನೆಗೆ ಬರೋಣ. ಶರಣರ ಅನುಭವ ಮಂಟಪದಲ್ಲಿ ಮೋಳಿಗೆ ಹೊತ್ತವರು, ಅಕ್ಕಿ ಆಯ್ದವರು, ಅಂಬಿಗರು, ಅರಸೊತ್ತಿಗೆ ಬಿಟ್ಟು ಬಂದವರು ಒಂದೇ ನೆಲದ ಮೇಲೆ ಕೂತರು. ಮಾತು ಕನ್ನಡದಲ್ಲಿ ನಡೆಯಿತು. ಅದೇ ಮೊದಲ ಬೀಗ ಮುರಿದ ಸದ್ದು. ಆ ಸಂವಾದಗಳನ್ನು ಶೂನ್ಯ ಸಂಪಾದನೆಯಾಗಿ ಕಟ್ಟಿದವರು ಒಬ್ಬರಲ್ಲ, ನಾಲ್ವರು. ಶಿವಗಣಪ್ರಸಾದಿ ಮಹದೇವಯ್ಯನವರು ಆರಂಭಿಸಿದ್ದನ್ನು ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗ ಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ಒಬ್ಬರಾದ ಮೇಲೊಬ್ಬರು ತಿದ್ದಿ ಬೆಳೆಸಿದರು. ಗೂಳೂರು ತುಮಕೂರಿನ ಮಗ್ಗುಲಲ್ಲೇ ಇದೆ. ಯಡೆಯೂರು ಮಾಗಡಿಯವರಿಗೆ ನೆರೆಯೂರಿದ್ದಂತೆ. ಕೂಡಿ ಓದುವ, ಕೂಡಿ ತಿದ್ದುವ ಕೆಲಸ ನಮ್ಮ ಈ ಸೀಮೆಯ ಸುತ್ತಮುತ್ತಲೇ ನಡೆಯಿತು.

ಇಲ್ಲಿ ಒಬ್ಬರು ಕೇಳಬಹುದು: ಗುರು ಮಂತ್ರವನ್ನು ಕಿವಿಯಲ್ಲಿ ಹೇಳುತ್ತಾನಲ್ಲ, ಅದು ಗುಟ್ಟಲ್ಲವೇ? ಬೆಡಗಿನ ವಚನಗಳು ಗುಟ್ಟಲ್ಲವೇ? ನ್ಯಾಯವಾದ ಪ್ರಶ್ನೆ. ಷಡಕ್ಷರಿ ಮಂತ್ರ ಊರಿನ ಮಗುವಿಗೂ ಗೊತ್ತು. ಕಿವಿಯಲ್ಲಿ ಹೇಳುವುದು ಬಚ್ಚಿಡಲಿಕ್ಕಲ್ಲ, 'ಇದು ಇನ್ನು ನಿನ್ನ ಹೊಣೆ' ಎಂದು ಒಪ್ಪಿಸಲಿಕ್ಕೆ. ಬೆಡಗಿನ ವಚನಗಳಿಗೆ ನಮ್ಮ ಹಿರಿಯರೇ ಟೀಕೆಗಳನ್ನು ಬರೆದು ಅರ್ಥ ಬಿಡಿಸಿದ್ದಾರೆ. ಬಚ್ಚಿಡುವ ಮನಸ್ಸಿದ್ದವರು ಟೀಕೆ ಬರೆಯುತ್ತಾರೆಯೇ? ಹೇಳಬಾರದ್ದು ಬೇರೆ, ಹೇಳಿದರೂ ಬದುಕದೆ ತಿಳಿಯದ್ದು ಬೇರೆ. ಮೊದಲನೆಯದು ಗುಟ್ಟು. ಎರಡನೆಯದು ಅನುಭಾವ. ಗುಟ್ಟಿಗೆ ಕಾವಲುಗಾರ ಬೇಕು; ಅನುಭಾವಕ್ಕೆ ಸಂಗಾತಿ ಸಾಕು.

ಆದರೆ ನಾವೂ ಬೀಗ ಹಾಕಿದವರೇ. ಓಲೆಗರಿಯ ವಚನದ ಕಟ್ಟುಗಳನ್ನು ಬಟ್ಟೆಯಲ್ಲಿ ಸುತ್ತಿ, ವಿಭೂತಿ ಹಚ್ಚಿ, ಪೂಜೆ ಮಾಡಿ, ಓದದೆ ಇಟ್ಟೆವು. ಫ.ಗು. ಹಳಕಟ್ಟಿಯವರು ಊರೂರು ಅಲೆದು ಆ ಕಟ್ಟುಗಳನ್ನು ಬಿಚ್ಚಬೇಕಾಯಿತು. 1923ರಲ್ಲಿ ವಚನಶಾಸ್ತ್ರಸಾರ, 1926ರಲ್ಲಿ ಶಿವಾನುಭವ ಪತ್ರಿಕೆ ಹೊರಬಂದವು. ಪೂಜೆಯ ಕೋಣೆಯಲ್ಲಿದ್ದದ್ದು ಅಂಗಳಕ್ಕೆ ಬಂತು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಹುಟ್ಟಿದ ಡಾ. ಶಿವಕುಮಾರ ಸ್ವಾಮೀಜಿಯವರು ಸಿದ್ಧಗಂಗೆಯಲ್ಲಿ ಅನ್ನಕ್ಕೂ ಅಕ್ಷರಕ್ಕೂ ಜಾತಿಯ ಚಿಲಕ ಹಾಕಲಿಲ್ಲ. ಇವರ ಮಕ್ಕಳು ನಾವು.

ಹೀಗೆ ಹೇಳಿಕೊಳ್ಳುವ ನಾನು ನನ್ನ ಬಳಗದಲ್ಲಿ ಏನು ಮಾಡಿದೆ ಎಂದು ಹೇಳದಿದ್ದರೆ ಈ ಮಾತಿಗೆ ಬೆಲೆಯಿಲ್ಲ.

ನಮ್ಮ ಬಳಗಕ್ಕೆ ಒಬ್ಬ ಹುಡುಗ ಬರುತ್ತಿದ್ದ. ಬೊಂಬೆ ಮಾಡುವವನು. ಆಲೆಮರದ ತುಂಡು ತಿರುಗುವಾಗ ಅರಗು ಒತ್ತಿ ಹಿಡಿದರೆ, ಆ ಉಜ್ಜುವಿಕೆಯ ಬಿಸಿಗೇ ಬಣ್ಣ ಕರಗಿ ಮರಕ್ಕೆ ಹತ್ತುತ್ತದೆ. "ವಚನನೂ ಹಂಗೇ ಸಾರ್, ಸುಮ್ನೆ ಮುಟ್ಟಿಸಿದ್ರೆ ಹತ್ತಲ್ಲ, ಉಜ್ಜಬೇಕು" ಎಂದಿದ್ದ ಒಮ್ಮೆ. ನಾನು ಮೂವತ್ತು ವರ್ಷ ಪಾಠ ಮಾಡಿ ಅಂಥ ಮಾತು ಆಡಿರಲಿಲ್ಲ. ಒಂದು ಸಂಜೆ ಅವನು ಅಲ್ಲಮಪ್ರಭುಗಳ ಒಂದು ಬೆಡಗಿನ ವಚನ ಓದಲು ಎದ್ದ. ಹಿರಿಯರೊಬ್ಬರು, "ದೀಕ್ಷೆ ಆಗಿದೆಯೇನಪ್ಪ ನಿನಗೆ? ಇದು ಎಲ್ಲರೂ ಓದುವಂಥದ್ದಲ್ಲ" ಎಂದರು. ಅವನು ಲಿಂಗವಂತರ ಮನೆಯವನಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಹುಡುಗ ನನ್ನ ಮುಖ ನೋಡಿದ. ನಾನು ಪುಸ್ತಕ ನೋಡಿದೆ. ಅವನು ಕೂತ. ಮುಂದಿನ ವಾರ ಬರಲಿಲ್ಲ. ಆಮೇಲೆ ಎಲ್ಲೋ ದುಡ್ಡು ಕಟ್ಟಿ ರಹಸ್ಯವಿದ್ಯೆಯ ತರಗತಿ ಸೇರಿದನಂತೆ. ಅವನನ್ನು ಅಲ್ಲಿಗೆ ಕಳಿಸಿದ್ದು ಯಾರು? ಆ ಹಿರಿಯರಿಗಿಂತ ನನ್ನ ಮೌನವೇ ಹೆಚ್ಚು.

ಇನ್ನೊಂದು ಪ್ರಸಂಗ. ಕನಕಪುರದ ಕಡೆಯ ಒಬ್ಬ ತಾಯಿ ಮೂರು ವಾರ ಗೋಷ್ಠಿಗೆ ಬರಲಿಲ್ಲ. ನಾಲ್ಕನೆಯ ವಾರ ಬಂದಾಗ ನಾನು ಎಲ್ಲರೆದುರು, "ಏನಮ್ಮ, ಜ್ಞಾನಕ್ಕಿಂತ ಹುಳವೇ ಹೆಚ್ಚಾಯಿತೇ?" ಎಂದುಬಿಟ್ಟೆ. ಆಕೆ ಸಾವಧಾನವಾಗಿ ಹೇಳಿದರು: "ನಾಲ್ಕನೇ ಜ್ವರ ಎದ್ದಿದ್ವು ಮೇಷ್ಟ್ರೇ. ಆಮೇಲೆ ಹುಳ ಹಣ್ಣಾದವು, ಚಂದ್ರಂಕಿಗೆ ಬಿಡಬೇಕಿತ್ತು. ಹೋದ ತಿಂಗಳು ನೀವೇ ಲಕ್ಕಮ್ಮನ ಕಥೆ ಹೇಳಿದ್ರಲ್ಲ, ಅದು ಬರೀ ಹೇಳೋಕಾ?"

ಆಯ್ದಕ್ಕಿ ಮಾರಯ್ಯ ಅನುಭಾವದ ಮಾತಿನಲ್ಲಿ ಮೈಮರೆತು ಕೂತಾಗ, ಕಾಯಕ ತಪ್ಪಿತೆಂದು ಎಚ್ಚರಿಸಿ ಎಬ್ಬಿಸಿದವಳು ಲಕ್ಕಮ್ಮ. ಹೆಚ್ಚಿನ ಅಕ್ಕಿ ತಂದಾಗ ಹಿಂದಕ್ಕೆ ಕಳಿಸಿದವಳೂ ಅವಳೇ. ಅಂದು ನಮ್ಮ ಗೋಷ್ಠಿಯಲ್ಲಿ ಲಕ್ಕಮ್ಮನನ್ನು ಓದಿದ್ದ ನಾನು ಮೇಷ್ಟ್ರು. ಲಕ್ಕಮ್ಮನಾಗಿ ಬದುಕಿದ್ದ ಆಕೆಗೆ ಕೊನೆಯ ಸಾಲಿನ ಚಾಪೆ.

ಅಂದಿನಿಂದ ನಮ್ಮ ಬಳಗ ಕೆಲವು ಕಟ್ಟಳೆ ಮಾಡಿಕೊಂಡಿದೆ. ತಮ್ಮ ಮುಂದಿಡುತ್ತೇನೆ, ಒಪ್ಪಿದರೆ ಬಳಸಿ. ಒಂದು ಸಂಜೆಗೆ ಒಂದೇ ವಚನ. ಓದುವ ಸರದಿ ಎಲ್ಲರಿಗೂ ಬರಬೇಕು. ಅಕ್ಷರ ಬಾರದವರು ಕೇಳಿ ಹೇಳಲಿ. ಹದಿನೈದು ಜನ ಮೀರಿದರೆ ಎರಡು ಬಳಗ ಮಾಡುವುದು, ಏಕೆಂದರೆ ಜನ ಹೆಚ್ಚಾದರೆ ಗೋಷ್ಠಿ ಹೋಗಿ ಭಾಷಣವಾಗುತ್ತದೆ. ಉತ್ತರ ಸಿಗದ ಪ್ರಶ್ನೆಯನ್ನು ಬರೆದಿಟ್ಟುಕೊಳ್ಳುವುದು, ಬಾಯಿ ಮುಚ್ಚಿಸುವ ಉತ್ತರ ಕೊಡದಿರುವುದು. ಹುಳ ಹಣ್ಣಾಗುವ ವಾರ ಯಾರ ಮನೆಯಲ್ಲಿ ಕೆಲಸವೋ ಅವರ ಮನೆಗೆ ಹೋಗಿ ಹುಳ ಆಯುತ್ತಲೇ ಮಾತನಾಡುವುದು. ಕೊನೆಯದಾಗಿ, 'ನಿನಗೆ ಅರ್ಹತೆ ಇಲ್ಲ' ಎಂಬ ಮಾತನ್ನು ಯಾರು ಆಡಿದರೂ ಗೋಷ್ಠಿ ಅಲ್ಲಿಗೇ ನಿಂತು, ಮೊದಲು ಆ ಮಾತಿನ ವಿಚಾರವಾಗಬೇಕು. ಈ ಕಟ್ಟಳೆ ಸೇರಿಸಲು ನಮಗೆ ಜಗಳವೇ ಆಯಿತು. ಇಬ್ಬರು ಬಿಟ್ಟು ಹೋದರು. ಅವರ ಮನೆಗೂ ಹೋಗಿ ಕರೆದಿದ್ದೇವೆ, ಬಾಗಿಲು ಅವರಿಗೂ ತೆರೆದಿದೆ.

ಥಿಯಾಸಫಿ ಓದುವವರನ್ನು ದೂರಬೇಡಿ. ಓದಲಿ, ತಿಳಿಯಲಿ, ಹೋಲಿಸಲಿ. ವಾರ ತಪ್ಪದೆ ಕೂಡುವ, ಒಂದು ಪ್ಯಾರಾಕ್ಕೆ ತಿಂಗಳು ಕೊಡುವ ಅವರ ತಾಳ್ಮೆಯನ್ನು ನಾವು ಕಲಿಯೋಣ. ಗುಟ್ಟು ಒಂದು ಸಂಘವನ್ನು ಹೇಗೆ ಒಡೆಯುತ್ತದೆ ಎಂಬುದನ್ನೂ ಅವರ ಚರಿತ್ರೆಯಿಂದ ಕಲಿಯೋಣ. ಯಾವ ಕೂಟಕ್ಕೆ ಹೋದರೂ ನಿಮ್ಮ ಮಕ್ಕಳಿಗೆ ಮೂರು ಪ್ರಶ್ನೆ ಕೇಳಲು ಹೇಳಿಕೊಡಿ: ಇಲ್ಲಿ ಎದುರು ಪ್ರಶ್ನೆ ಕೇಳಬಹುದೇ? ಇಲ್ಲಿ ಕಲಿತದ್ದನ್ನು ಅವ್ವನಿಗೆ ಹೇಳಬಹುದೇ? ಇಲ್ಲಿಂದ ಎದ್ದ ಮೇಲೆ ಕಾಯಕ ಹಗುರಾಗುತ್ತದೆಯೇ, ತಪ್ಪುತ್ತದೆಯೇ? ಅದೇ ಮೂರು ಪ್ರಶ್ನೆಗಳನ್ನು ನಮ್ಮ ಗೋಷ್ಠಿಗೂ ಕೇಳಲಿ.

ಆ ಬೊಂಬೆಯ ಹುಡುಗನ ಮನೆಗೆ ಕಳೆದ ತಿಂಗಳು ಹೋಗಿದ್ದೆ. ಕ್ಷಮೆ ಕೇಳಿದೆ. ಲೇತ್ ನಿಲ್ಲಿಸಿ ಎದ್ದು ಬಂದು ಕುರ್ಚಿ ಹಾಕಿದ, ಟೀ ಕೊಟ್ಟ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಅವನು ಅಂದು ಓದದೆ ಬಿಟ್ಟ ವಚನದ ಪುಟಕ್ಕೆ ಗುರುತಿಟ್ಟಿದ್ದೇನೆ. ಮುಂದಿನ ಗೋಷ್ಠಿಗೆ ಅವನು ಬಂದರೆ, ಮೊದಲ ಓದು ಅವನದೇ.