ಹೆಸರು ಮಿದುಳಿನದು, ಹುಟ್ಟು ಹೃದಯದ್ದು

ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಯಾದರೆ ಕಾಲು ಊತ ಎಂದು ಹೋದವರಿಗೆ ವೈದ್ಯರು ಬರೆದುಕೊಡುವ ರಕ್ತಪರೀಕ್ಷೆಯೊಂದಿದೆ: ಬಿಎನ್‌ಪಿ. ಇದರಲ್ಲಿ ‘ಬಿ’ ಅಂದರೆ ಬ್ರೇನ್, ಮಿದುಳು. ಹೃದಯದ ಪರೀಕ್ಷೆಗೆ ಮಿದುಳಿನ ಹೆಸರೇಕೆ ಬಂತು?

ಗುಂಡಿಗೆಯೆಂದರೆ ರಕ್ತ ನೂಕುವ ಪಂಪು, ಅಷ್ಟೇ ಎಂದು ಎಲ್ಲರೂ ನಂಬಿದ್ದ ಕಾಲ. 1956ರಲ್ಲಿ ಬ್ರೂನೊ ಕಿಷ್ ಎಂಬ ವಿಜ್ಞಾನಿಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹೃದಯದ ಮೇಲಿನ ಕೋಣೆಗಳ, ಅಂದರೆ ಹೃತ್ಕರ್ಣಗಳ, ಕೋಶಗಳೊಳಗೆ ಕಾಳುಕಾಳಾದ ಕಣಗಳು ಕಂಡವು. ಇಂಥವು ಇರಬೇಕಾದದ್ದು ಹಾರ್ಮೋನು ಸ್ರವಿಸುವ ಗ್ರಂಥಿಗಳಲ್ಲಿ. ಪಂಪಿಗೇಕೆ ಉಗ್ರಾಣ?

ಉತ್ತರ ಬಂದದ್ದು ಕಾಲು ಶತಮಾನದ ಬಳಿಕ, ಕೆನಡಾದ ಕಿಂಗ್‌ಸ್ಟನ್‌ನಿಂದ. ಅರ್ಜೆಂಟೀನಾ ಮೂಲದ ಅಡಾಲ್ಫೊ ಡಿ ಬೋಲ್ಡ್ ಮತ್ತು ಸಂಗಡಿಗರು ಇಲಿಗಳ ಹೃತ್ಕರ್ಣವನ್ನು ಅರೆದು, ಅದರ ಸಾರವನ್ನು ಬೇರೆ ಇಲಿಗಳ ರಕ್ತನಾಳಕ್ಕೆ ಚುಚ್ಚಿದರು. ಮೂತ್ರ ಹತ್ತು ಪಟ್ಟು ಹೆಚ್ಚಿತು. ಅದರಲ್ಲಿ ಹೊರಬಿದ್ದ ಸೋಡಿಯಂ ಮೂವತ್ತು ಪಟ್ಟಿಗೂ ಮೀರಿತು. ಕೆಳಗಿನ ಕೋಣೆ ಹೃತ್ಕುಕ್ಷಿಯ ಸಾರ ಕೊಟ್ಟರೆ ಏನೂ ಆಗಲಿಲ್ಲ. 1981ರ ಈ ಪ್ರಯೋಗ ನನಗೆ ಬಲು ಇಷ್ಟ. ಅರೆಯುವ ಕಲ್ಲಿನಷ್ಟೇ ಸರಳ. ರಕ್ತ ಹೆಚ್ಚಾಗಿ ಗೋಡೆ ಹಿಗ್ಗಿದಾಗ, ‘ಉಪ್ಪುನೀರು ಹೊರಹಾಕು’ ಎಂದು ಮೂತ್ರಪಿಂಡಕ್ಕೆ ಹೃದಯವೇ ಹಾರ್ಮೋನಿನ ಮೂಲಕ ಹೇಳಿಕಳಿಸುತ್ತದೆ!

1988ರಲ್ಲಿ ಜಪಾನಿನ ಸುಡೋ, ಕಂಗಾವ, ಮತ್ಸುವೊ ತಂಡಕ್ಕೆ ಆ ಹಾರ್ಮೋನಿನ ತಮ್ಮನಂಥ ಇನ್ನೊಂದು ಹಂದಿಯ ಮಿದುಳಿನಲ್ಲಿ ಸಿಕ್ಕಿತು. ಸಿಕ್ಕ ಜಾಗದ ಹೆಸರನ್ನೇ ಇಟ್ಟರು: ಅದೇ ಬಿಎನ್‌ಪಿ. ಮನುಷ್ಯರ ರಕ್ತಕ್ಕೆ ಅದು ಬರುವುದು ಮುಖ್ಯವಾಗಿ ಹೃತ್ಕುಕ್ಷಿಯಿಂದ ಎಂದು ಗೊತ್ತಾಗುವಷ್ಟರಲ್ಲಿ ಹೆಸರು ಅಂಟಿಕೊಂಡಾಗಿತ್ತು.

ಇದನ್ನು ಅಳೆಯುವುದು ಹುಡುಗಾಟವಲ್ಲ. ಲೆಕ್ಕ ಪಿಕೋಗ್ರಾಮಿನಲ್ಲಿ, ಅಂದರೆ ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲು. ದಾರಿ ಮೊದಲೇ ಸಿದ್ಧವಾಗಿತ್ತು: ನ್ಯೂಯಾರ್ಕಿನ ರೊಸಾಲಿನ್ ಯಾಲೊ, ಸಾಲೊಮನ್ ಬರ್ಸನ್ ಇನ್ಸುಲಿನ್ ಅಳೆಯಲು ರೂಪಿಸಿದ ವಿಧಾನ. ವಿಕಿರಣದ ಗುರುತು ಹಚ್ಚಿದ ಹಾರ್ಮೋನು, ರಕ್ತದ ಹಾರ್ಮೋನು, ಎರಡನ್ನೂ ಪ್ರತಿಕಾಯಗಳ ಮುಂದೆ ಬಿಡುವುದು. ಜಾತ್ರೆಯ ಬಸ್ಸಿನಲ್ಲಿ ಸೀಟಿಗೆ ಟವೆಲ್ ಎಸೆದ ಹಾಗೆ ಪೈಪೋಟಿ. ಗುರುತಿನವು ಎಷ್ಟು ಸೀಟು ಕಳೆದುಕೊಂಡವೋ, ರಕ್ತದಲ್ಲಿ ಹಾರ್ಮೋನು ಅಷ್ಟು ಹೆಚ್ಚು. 1977ರಲ್ಲಿ ಯಾಲೊಗೆ ನೊಬೆಲ್ ಬಂತು. ಅಷ್ಟರಲ್ಲಿ ಬರ್ಸನ್ ತೀರಿಕೊಂಡಿದ್ದರು.

ಮುಂದೆ ವಿಕಿರಣವಿಲ್ಲದ, ನಿಮಿಷಗಳಲ್ಲೇ ಮುಗಿಯುವ ಪರೀಕ್ಷೆಗಳು ಬಂದವು. 2002ರಲ್ಲಿ, ಉಸಿರುಗಟ್ಟಿ ತುರ್ತುಚಿಕಿತ್ಸೆಗೆ ಬಂದ 1,586 ಮಂದಿಯ ಅಧ್ಯಯನ ಪ್ರಕಟವಾಯಿತು. ತೊಂದರೆ ಶ್ವಾಸಕೋಶದ್ದೋ ಹೃದಯದ್ದೋ ಎಂದು ಬೇರ್ಪಡಿಸಲು ಮಿಲಿಲೀಟರಿಗೆ 100 ಪಿಕೋಗ್ರಾಂ ಎಂಬ ಗೆರೆ ನೆರವಾಯಿತು. ಆದರೆ ವಯಸ್ಸಾದಂತೆ, ಮೂತ್ರಪಿಂಡ ಸೋತಂತೆ ಅಂಕಿ ಏರುತ್ತದೆ, ಬೊಜ್ಜಿದ್ದವರಲ್ಲಿ ಇಳಿಯುತ್ತದೆ. ಚೀಟಿ ನೋಡಿ ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ.

ಇನ್ನೊಂದು ತಮಾಷೆ. ಹೃದಯ ಸೋತವರಿಗೆ ಈಗ ಕೊಡುವ ಸ್ಯಾಕುಬಿಟ್ರಿಲ್ ಎಂಬ ಔಷಧ, ಬಿಎನ್‌ಪಿಯನ್ನು ಒಡೆಯುವ ಕಿಣ್ವವನ್ನೇ ತಡೆಯುತ್ತದೆ. ಹಾಗಾಗಿ ಕಾಯಿಲೆ ಹೆಚ್ಚದೆಯೂ ಅಂಕಿ ಏರಬಹುದು. ಅಂಥವರಲ್ಲಿ ವೈದ್ಯರು ಅಳೆಸುವುದು, ಬಿಎನ್‌ಪಿ ಹುಟ್ಟುವ ಮೂಲ ಪ್ರೋಟೀನು ಸೀಳಿದಾಗ ಉಳಿಯುವ ಇನ್ನೊಂದು ತುಂಡನ್ನು: ಎನ್‌ಟಿ-ಪ್ರೋಬಿಎನ್‌ಪಿ. ಅದರೊಳಗೂ ಆ ‘ಬಿ’ ಹಾಗೇ ಕೂತಿದೆ.