ಅಕ್ರಿಲಿಕ್ ಕೆಲಸಕ್ಕೆ ಯಾವ ಬಿಟ್, ಎಷ್ಟು ವೇಗ?

(ಸ್ವಸಹಾಯ ಸಂಘಗಳ ತರಬೇತಿಯಲ್ಲಿ ಮಾಡಿದ ಮಾತು)



ಅಂಜನಾದ್ರಿ, ಆನೆಗೊಂದಿಗೆ ಬರುವ ಜನರಿಗೆ ಕೀಚೈನ್, ಮನೆಗಳಿಗೆ ನಾಮಫಲಕ, ಹಬ್ಬಕ್ಕೆ ರಂಗೋಲಿ ಸೆಟ್ ಮಾಡಿ ಮಾರಬಹುದು, ಅದು ನಿಮಗೆ ಗೊತ್ತೈತಿ. ನೀವು ಕೇಳೋದು, ಸಿಎನ್‌ಸಿ ಮಷಿನ್‌ನಲ್ಲಿ ಅಕ್ರಿಲಿಕ್ ಶೀಟು ಯಾಕೆ ಕೆಡ್ತೈತಿ ಅಂತ.

ನಂದೇ ಹೇಳ್ತೀನಿ ಕೇಳ್ರಿ. ಮೊದಲ ಆರ್ಡರಿಗೆ ಕಟ್ಟಿಗೆ ಕೊರೆಯುವ ಎರಡು ಅಲಗಿನ ಬಿಟ್ ಹಾಕಿದೆ. ನಮ್ಮ ಕಿನ್ನಾಳದ ಗೊಂಬೆ ಮಾಡುವ ಹಗುರ ಕಟ್ಟಿಗೆಯಾದರೆ ಪುಡಿ ಉದುರಿ ಹೋಗ್ತೈತಿ. ಅಕ್ರಿಲಿಕ್ ಹಂಗಲ್ಲ, ನೂರು ಡಿಗ್ರಿ ಆಸುಪಾಸು ಬಿಸಿಯಾದರೆ ಮೆತ್ತಗಾಗ್ತೈತಿ. ಶೀಟು ಕೆಟ್ಟೀತು ಅಂತ ಹೆದರಿ ನಿಮಿಷಕ್ಕೆ 600 ಮಿಲಿಮೀಟರ್ ಮಾತ್ರ ಓಡಿಸಿದೆ. ಅದೇ ತಪ್ಪಾತು. ಕರಗಿದ್ದು ಬೆಲ್ಲದ ಪಾಕದಂಗ ಬಿಟ್ಟಿಗೆ ಸುತ್ತಿಕೊಂಡಿತು. ಕೊಯ್ದ ಗೆರೆ ಹಿಂದಿನಿಂದ ಮತ್ತೆ ಅಂಟಿತು, ಬಿಟ್ಟೂ ಮುರೀತು. ಆ ತಿಂಗಳ ಸಾಲದ ಕಂತು ಹಾಲು ಮಾರಿದ ದುಡ್ಡಿನಿಂದ ಕಟ್ಟಿದೆ.

ಕಾರಣ ಲೆಕ್ಕದಾಗೈತಿ. ಬಿಟ್ಟಿನ ಅಲಗು ಪ್ರತಿ ಸುತ್ತಿಗೂ ಒಂದು ಸಿಪ್ಪೆ ತೆಗೀಬೇಕು. ಸುತ್ತು, ಅಲಗು, ಸಿಪ್ಪೆಯ ದಪ್ಪ ಈ ಮೂರನ್ನು ಗುಣಿಸಿದರೆ ಓಟದ ವೇಗ, ಅಂದರೆ ಫೀಡ್ ಸಿಗ್ತೈತಿ. ನಿಮಿಷಕ್ಕೆ 18000 ಸುತ್ತು, ಒಂದು ಅಲಗು, ಸಿಪ್ಪೆ 0.1 ಮಿಲಿಮೀಟರ್: ಫೀಡ್ 1800 ಮಿಲಿಮೀಟರ್. ನನ್ನ ಎರಡು ಅಲಗಿನ ಬಿಟ್ 600ರಲ್ಲಿ ಓಡಿದಾಗ ಸಿಪ್ಪೆ ಬರೀ 0.017! ಅದು ಕೊಯ್ಯೋದಲ್ಲ, ಉಜ್ಜೋದು. ಮೊಂಡು ಈಳಿಗೆಯಲ್ಲಿ ಟೊಮ್ಯಾಟೊ ಕೊಯ್ದಂಗ.

ಅದಕ್ಕೇ ಒಂದೇ ಅಲಗಿನ, ಪ್ಲಾಸ್ಟಿಕ್ಕಿಗೆಂದೇ ಮಾಡಿದ ಚೂಪು ಕಾರ್ಬೈಡ್ ಬಿಟ್ ತಗೊಳ್ರಿ. ಅಂಗಡಿಯಲ್ಲಿ ಸಿಂಗಲ್ ಫ್ಲೂಟ್ ಅಂತ ಕೇಳ್ರಿ. 3 ಮಿಲಿಮೀಟರ್ ಶೀಟಿಗೆ 3 ಮಿಲಿಮೀಟರ್ ಬಿಟ್ ಹಾಕಿ, ಒಂದು ಸಲಕ್ಕೆ ಒಂದೂವರೆ ಮಿಲಿಮೀಟರ್ ಆಳದಂತೆ ಎರಡು ಸುತ್ತಿನಲ್ಲಿ ಕೊಯ್ಯಬಹುದು. ಸಣ್ಣ ಮಷಿನ್ 1800ರಲ್ಲಿ ಅಲುಗಾಡಿದರೆ ಫೀಡ್ ಒಂದನ್ನೇ ಇಳಿಸಬ್ಯಾಡ್ರಿ, ಸುತ್ತನ್ನೂ ಇಳಿಸ್ರಿ. 10000 ಸುತ್ತಿಗೆ 1000 ಫೀಡ್ ಸರಿ ಹೊಂದ್ತೈತಿ. ಮೊದಲು ಚೂರು ತುಂಡಿನ ಮೇಲೆ ನೋಡ್ರಿ. ಸಿಪ್ಪೆ ಬಿಡಿಬಿಡಿಯಾಗಿ, ಒಣಗಿದಂತೆ ಬಂದರೆ ಸರಿ. ದಾರದಂಗ ಉದ್ದ ಬಂದರೆ, ವಾಸನೆ ಹೊಡೆದರೆ ತಕ್ಷಣ ನಿಲ್ಲಿಸ್ರಿ. ಗಾಳಿ ಊದಿ ಸಿಪ್ಪೆ ತೆಗೆಯುತ್ತಿದ್ದರೆ ಅರ್ಧ ತೊಂದರೆ ಹೋದಂಗ.

ಶೀಟು ತರುವಾಗ 'ಕಾಸ್ಟ್' ಅಕ್ರಿಲಿಕ್ ಹೌದೋ ಅಲ್ಲೋ ಕೇಳ್ರಿ. 'ಎಕ್ಸ್‌ಟ್ರೂಡೆಡ್' ಅನ್ನೋದು ಅಗ್ಗ ಸಿಗ್ತೈತಿ, ಆದರೆ ಬೇಗ ಕರಗಿ ಬಿಟ್ಟಿಗೆ ಅಂಟ್ತೈತಿ. ಆ ಉಳಿತಾಯ ನನಗಂತೂ ಒಮ್ಮೆಯೂ ಉಳಿದಿಲ್ಲ. ಶೀಟಿನ ಮೇಲಿನ ಹಾಳೆ ಕೆಲಸ ಮುಗಿಯೋತನಕ ತೆಗೀಬ್ಯಾಡ್ರಿ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಸೆರಗು ಸೊಂಟಕ್ಕೆ ಸಿಗಿಸಿ, ಜಡೆ ಕಟ್ಟಿ, ಬಳೆ ತೆಗೆದಿಟ್ಟು ಮಷಿನ್ ಹತ್ರ ಹೋಗ್ರಿ. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಕೈಗವಸು ಮಾತ್ರ ಬ್ಯಾಡ, ತಿರುಗೋ ಬಿಟ್ಟಿಗೆ ಸಿಕ್ಕರೆ ಕೈಯನ್ನೇ ಎಳ್ಕೋತೈತಿ. ತುಂಡು ಕಿತ್ತು ಬರದಂಗ ಎರಡೂ ಬದಿ ಅಂಟುವ ಟೇಪ್ ಹಾಕಿರಬೇಕು.

ಕೊಯ್ದ ಅಂಚನ್ನು ಥಿನ್ನರ್, ಸ್ಪಿರಿಟ್ ಹಾಕಿ ಒರೆಸಬ್ಯಾಡ್ರಿ, ಕೂದಲೆಳೆಯಂಥ ಬಿರುಕು ಬಿಡ್ತಾವು. ಗಿರಾಕಿ ಕೈಗೆ ಕೊಟ್ಟ ಮೇಲೆ ಕಂಡ್ರೆ ವಾಪಸ್ ಬರ್ತೈತಿ. ಸಾಬೂನು ನೀರು, ಮೆತ್ತನೆ ಹತ್ತಿ ಬಟ್ಟೆ ಸಾಕು.